ಗಂಟಿನೊಳಗಿನ ಕೆಂಪು

“ಒಮ್ಮೆ ಪಾಕೀಟು ಹಚ್ಚಿ ಬಿತ್ತೀನಿ, ಒಮ್ಮೆ ಹಚ್ಚಲಾರದೆ ಬಿತ್ತೀನಿ. ತೊಗರಿ ಅಷ್ಟಕ್ಕಷ್ಟೇ ಬಂತು. ಮತ್ತ ಯಾಕ ಹಚ್ಚಬೇಕು, ಹೇಳವ್ವಾ.”

ಕೇಳಿದವರು ಕಲಬುರಗಿ ಜಿಲ್ಲೆಯ ಎರೆಹೊಲದ ರೈತರು. ಮುಂಗಾರಿಗೆ ತೊಗರಿ, ಸೋಯಾ, ಹಿಂಗಾರಿಗೆ ಕಡಲೆ, ಜೋಳ ಬೆಳೆಯುವವರು. ಉತ್ತರ ಹೇಳಬೇಕಾದವಳು ಅವರ ಅಕ್ಕನ ಮಗಳು, ಕೃಷಿ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳ ಬಗ್ಗೆ ಓದಿದವಳು. ಪಾಕೀಟು ಎಂದರೆ ರೈಜೋಬಿಯಂ, 200 ಗ್ರಾಂ ತೂಕದ, ತುಸು ತೇವವಿರುವ ಕಪ್ಪು ಪುಡಿ. ರೈತ ಸಂಪರ್ಕ ಕೇಂದ್ರದಿಂದ ಬೀಜದ ಚೀಲದ ಜೊತೆ ಮನೆಗೆ ಬಂದು, ಎಷ್ಟೋ ಮನೆಗಳಲ್ಲಿ ಮೂಲೆಯಲ್ಲೇ ಉಳಿದುಬಿಡುವ ವಸ್ತು ಅದು.

ಆಗಸ್ಟ್ ತಿಂಗಳು. ತೊಗರಿಗೆ ನಲವತ್ತು ದಿನ ದಾಟಿದೆ, ಎಡೆ ಹೊಡೆದದ್ದೂ ಆಗಿದೆ. ಇಬ್ಬರೂ ಬದುವಿನ ಮೇಲೆ ನಿಂತಿದ್ದಾರೆ.

“ಪ್ರಶ್ನೆ ಖರೇ ಅದ ಮಾಮಾ. ಆದ್ರ ಉತ್ತರ ರಾಶಿಯಾಗ ಹುಡುಕಿದ್ರ ಸಿಗಂಗಿಲ್ಲ. ರಾಶಿಗೆ ಮಳಿ, ಹುಳ, ನೆಟೆ ರೋಗ ಎಲ್ಲಾ ಸೇರಿರ್ತಾವ. ಬೇರು ನೋಡ್ರಿ. ಒಂದು ಗಿಡ ಅಗದು ತಗಿಯೋಣ?”

“ಅಗಿಯೂದ್ಯಾಕ, ಕಿತ್ತಿದ್ರ ಆಯ್ತಲ್ಲ.”

“ಕಿತ್ತಿದ್ರ ಗಂಟು ಮಣ್ಣಾಗೇ ಉಳೀತಾವ. ಬರೀ ಬೇರು ಮ್ಯಾಲ ಬರ್ತದ. ಗಂಟೇ ಇಲ್ಲ ಅಂತ ತಿಳಕೊಂಡು ಮನಿಗೆ ಹೋಗ್ತೀವಿ.”

ಗಿಡದ ಸುತ್ತ ಒಂದು ಗೇಣು ಬಿಟ್ಟು ಸಲಿಕೆ ಇಳಿಸಿದರು. ಎರೆಮಣ್ಣಿನ ದೊಡ್ಡ ಹೆಂಟೆ ಬೇರಿನ ಸಮೇತ ಎದ್ದು ಬಂತು. ಅದನ್ನು ಒಡೆಯದೆ ಬಕೆಟ್ಟಿನ ನೀರಿನಲ್ಲಿ ನೆನೆಹಾಕಿದರು. ಎರೆಮಣ್ಣು ಬೇಗ ಬಿಡುವುದಿಲ್ಲ, ಕಾಯಬೇಕು. ಮಣ್ಣು ಕರಗಿದಂತೆ ತಾಯಿಬೇರು ಕಾಣಿಸಿತು, ಅದರ ಮೇಲ್ಭಾಗದಲ್ಲೂ ಪಕ್ಕದ ಬೇರುಗಳಲ್ಲೂ ಸಣ್ಣ ಸಣ್ಣ ಗಂಟುಗಳು. ಕೆಲವು ಸಾಸಿವೆಯಷ್ಟು, ಕೆಲವು ಹೆಸರುಕಾಳಿನಷ್ಟು.

“ಇದು ರೋಗ ಅಲ್ಲೇನು? ಟೊಮ್ಯಾಟೊ ಬೇರಿಗೆ ಹಿಂಗೇ ಗಂಟು ಬಿದ್ದು ತೋಟಾನೇ ಹೋಗಿತ್ತು.”

“ಅದು ಜಂತುಹುಳದ ಗಂಟು ಮಾಮಾ. ಅದ್ರಾಗ ಬೇರೇ ಊದಿಕೊಂಡಿರ್ತದ, ಬ್ಯಾರೆ ಮಾಡಾಕ ಬರಂಗಿಲ್ಲ. ಇದು ನೋಡ್ರಿ, ಬೇರಿನ ಬಾಜೂಕ ಅಂಟಿಕೊಂಡದ. ಉಗುರು ತಾಗಿಸಿದ್ರ ಸಾಕು, ಕಳಚಿ ಬರ್ತದ.”

ಕಳಚಿದ ಗಂಟೊಂದನ್ನು ಅವಳು ಅಂಗೈ ಮೇಲಿಟ್ಟು ಉಗುರಿನಿಂದ ಸೀಳಿದಳು. ಒಳಗೆ ತಿಳಿಗೆಂಪು.

“ನೆತ್ತರು ಇದ್ಹಂಗ ಅದಲ್ಲ!”

“ನೆತ್ತರದಾಗಿನ ಹಿಮೋಗ್ಲೋಬಿನ್ ಬಳಗದ್ದೇ ಇದು. ಲೆಗ್‌ಹಿಮೋಗ್ಲೋಬಿನ್ ಅಂತಾರ. ಕಬ್ಬಿಣ ಇರೋದಕ್ಕ ಕೆಂಪು. ಈ ಬಣ್ಣ ಕಂಡ್ರ ಒಳಗಿನ ಬ್ಯಾಕ್ಟೀರಿಯಾ ಕೆಲಸ ಮಾಡಾಕತ್ತಾವ ಅಂತ ಅರ್ಥ.”

ಆ ಕೆಂಪು ಅಲ್ಲಿ ಇರುವುದಕ್ಕೆ ಕಾರಣವಿದೆ. ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡುವ ಕಿಣ್ವದ ಹೆಸರು ನೈಟ್ರೋಜಿನೇಸ್. ಆಮ್ಲಜನಕ ತಗುಲಿದರೆ ಅದು ಕೆಟ್ಟುಹೋಗುತ್ತದೆ. ಆದರೆ ಅದನ್ನು ನಡೆಸುವ ಬ್ಯಾಕ್ಟೀರಿಯಾಕ್ಕೆ ಉಸಿರಾಡಲು ಆಮ್ಲಜನಕ ಬೇಕೇ ಬೇಕು. ಕೆಂಪು ದ್ರವ್ಯ ಆಮ್ಲಜನಕವನ್ನು ಹಿಡಿದಿಟ್ಟುಕೊಂಡು, ಬ್ಯಾಕ್ಟೀರಿಯಾಕ್ಕೆ ಬೇಕಾದಷ್ಟನ್ನೇ ಅಳೆದು ಮುಟ್ಟಿಸುತ್ತದೆ. ಯೂರಿಯಾ ಕಾರ್ಖಾನೆಯಲ್ಲಿ ಅಮೋನಿಯಾ ಆಗಬೇಕಾದರೆ 400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ, ವಾತಾವರಣದ ನೂರಾರು ಪಟ್ಟು ಒತ್ತಡ ಬೇಕು. ಹೆಸರುಕಾಳಿನಷ್ಟು ಗಾತ್ರದ ಈ ಗಂಟಿನಲ್ಲಿ ಅದೇ ಕೆಲಸ ಹೊಲದ ಮಣ್ಣಿನ ಬಿಸುಪಿನಲ್ಲೇ ನಡೆಯುತ್ತದೆ. ಎಷ್ಟು ಸಲ ಓದಿದರೂ ಇದರ ಬಗೆಗಿನ ಬೆರಗು ಕಡಿಮೆಯಾಗುವಂಥದ್ದಲ್ಲ.

“ಗಾಳಿಯಾಗ ಅಷ್ಟು ಅದ ಏನು?”

“ಗಾಳಿಯಾಗ 78 ಪಾಲು ಅದೇ. ಲೆಕ್ಕ ಹಾಕಿದ್ರ ಒಂದು ಎಕರೆ ಹೊಲದ ಮ್ಯಾಲ ಸುಮಾರು 30 ಸಾವಿರ ಟನ್ ಸಾರಜನಕ ನಿಂತದ. ಗಿಡಕ್ಕ ಅದನ್ನ ಮುಟ್ಟಾಕ ಬರಂಗಿಲ್ಲ. ಬ್ಯಾಕ್ಟೀರಿಯಾಕ್ಕ ಬರ್ತದ, ಆದ್ರ ಅದಕ್ಕ ಭಾಳ ಶಕ್ತಿ ಬೇಕು. ಆ ಶಕ್ತಿ ಗಿಡ ಕೊಡ್ತದ. ಎಲಿಯಾಗ ಮಾಡಿದ ಸಕ್ಕರಿ ಬೇರಿಗೆ ಇಳಸ್ತದ.”

“ಅಂದ್ರ ಮುಯ್ಯಿ. ಇವತ್ತು ನಿನ್ನ ಹೊಲಕ್ಕ ನಾ, ನಾಳೆ ನನ್ನ ಹೊಲಕ್ಕ ನೀ.”

“ಹೂಂ, ಮುಯ್ಯೀನೇ.”

ಅವಳು ಇನ್ನೂ ನಾಲ್ಕಾರು ಗಂಟು ಸೀಳಿದಳು. ಒಂದರೊಳಗೆ ಬಿಳುಪು. ಇನ್ನೂ ಎಳೆಯದಿರಬಹುದು, ಇಲ್ಲವೇ ಒಳಗೆ ಸೇರಿಕೊಂಡ ತಳಿ ಕೆಲಸಕ್ಕೆ ಬಾರದ್ದಿರಬಹುದು. ಇನ್ನೊಂದು ಹಸಿರಿಗೆ ತಿರುಗಿತ್ತು, ಅದು ಮುಪ್ಪಾದ ಗಂಟು. ಮತ್ತೊಂದನ್ನು ಒತ್ತಿದರೆ ಒಳಗೆ ಏನೂ ಇಲ್ಲ, ಬರೀ ಸಿಪ್ಪೆ.

“ಇದ್ರಾಗಿಂದು ಎಲ್ಲಿ ಹೋಯ್ತು?”

“ಮರಿಹುಳ ತಿಂದು ಹೋಗ್ಯದ. ರಿವೆಲಿಯಾ ಅಂತ ಒಂದು ನೊಣ ಅದ. ಅದರ ಮರಿ ತೊಗರಿ ಗಂಟಿನಾಗ ಹೊಕ್ಕು ತಿರುಳು ತಿಂತದ. ಹೈದರಾಬಾದ್ ಹತ್ರ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯವರು ಇದನ್ನ ಹಿಂದೇನೇ ನೋಡ್ಯಾರ. ಕೆಂಪು ಮಣ್ಣಿಗಿಂತ ಎರಿಯಾಗ ಇದರ ಕಾಟ ಜಾಸ್ತಿ.”

ಮಾವ ಆ ಸಿಪ್ಪೆಯನ್ನು ಬೆರಳಲ್ಲಿ ಉಜ್ಜಿ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ ಪ್ರಶ್ನೆ ಇಡೀ ಮಾತುಕತೆಯ ಮರ್ಮಕ್ಕೇ ತಾಗಿತು.

“ಈ ಸರ್ತಿ ನಾ ಪಾಕೀಟು ಹಚ್ಚೇ ಇಲ್ಲ. ಮತ್ತ ಈ ಗಂಟು ಎಲ್ಲಿಂದ ಬಂದ್ವು?”

“ಇಲ್ಲೇ ಇದ್ವು. ಮುತ್ಯಾನ ಕಾಲದಿಂದ ಈ ಹೊಲದಾಗ ತೊಗರಿ, ಹೆಸರು, ಅಲಸಂದಿ ಬೆಳದೀರಿ. ಇವಕ್ಕೆಲ್ಲ ಒಂದೇ ಗುಂಪಿನ ಬ್ಯಾಕ್ಟೀರಿಯಾ ಹೊಂದ್ತಾವ, ಶೇಂಗಾಕ್ಕೂ ಅವೇ. ಮಣ್ಣಾಗ ಅವು ಮನಿ ಮಾಡಿಕೊಂಡು ಬಿಟ್ಟಾವ. ನೀವು ಹಚ್ಚಿದ ಪಾಕೀಟಿನವು ಅವರ ಜೋಡಿ ಪೈಪೋಟಿ ಮಾಡಿ ಬೇರಿನಾಗ ಜಾಗ ಹಿಡಿಬೇಕು. ಭಾಳ ಸಲ ಹಳೇವೇ ಗೆಲ್ತಾವ. ನಿಮಗ ಫರಕು ಕಾಣಲಿಲ್ಲ ಅಂದದ್ದು ಸುಳ್ಳಲ್ಲ ಮಾಮಾ.”

ಈ ಮಾತನ್ನು ವಿಜ್ಞಾನವೂ ಒಪ್ಪುತ್ತದೆ. ಹವಾಯಿಯ ಮಾವಿ ದ್ವೀಪದಲ್ಲಿ ಬೇರೆ ಬೇರೆ ಹೊಲ, ಬೇರೆ ಬೇರೆ ದ್ವಿದಳ ಬೆಳೆಗಳ ಮೇಲೆ ನಡೆಸಿದ ಪ್ರಯೋಗಗಳ ಫಲಿತಾಂಶ 1991ರಲ್ಲಿ ಪ್ರಕಟವಾಯಿತು. ಒಂದು ಗ್ರಾಂ ಮಣ್ಣಿನಲ್ಲಿ ಆ ಬೆಳೆಗೆ ಹೊಂದುವ ಸ್ಥಳೀಯ ಬ್ಯಾಕ್ಟೀರಿಯಾ 50 ಇದ್ದರೂ ಸಾಕು, ಹೊರಗಿನಿಂದ ಹಚ್ಚಿದ್ದರ ಲಾಭ ಕಾಣಿಸದೆ ಹೋಗುತ್ತಿತ್ತು. ಹತ್ತಕ್ಕಿಂತ ಕಡಿಮೆ ಇದ್ದ ಕಡೆ ಮಾತ್ರ ಬಹುಪಾಲು ಸಂದರ್ಭಗಳಲ್ಲಿ ಇಳುವರಿ ಏರಿತು. ಪಾಕೀಟಿನ ಮೇಲೆ ಈ ಸಂಗತಿ ಅಚ್ಚಾಗಿರುವುದಿಲ್ಲ. ಎಲ್ಲ ಹೊಲಕ್ಕೂ ಒಂದೇ ಶಿಫಾರಸು ಹೇಳಿ ಕಳುಹಿಸಿದಾಗ, ಫಲ ಕಾಣದ ರೈತ ಇಡೀ ವಿದ್ಯೆಯನ್ನೇ ನಂಬದೆ ಹೋಗುತ್ತಾನೆ. ಹಾಗಾದರೆ ಆ ತಪ್ಪು ರೈತನದ್ದಲ್ಲ. ಬೇರು ಅಗೆದು ನೋಡುವುದನ್ನು ಅವನಿಗೆ ತೋರಿಸಿಕೊಡಬೇಕಿತ್ತು.

“ಹಂಗಾದ್ರ ಪಾಕೀಟು ಬ್ಯಾಡ ಅಂತೀಯೇನು?”

“ಅಲ್ಲ. ಎಲ್ಲಿ ಬೇಕು ಅನ್ನೂದು ತಿಳೀಬೇಕು ಅಂತೀನಿ. ಆ ಕಡೆ ಸೋಯಾ ಹೊಲ ಅದಲ್ಲ, ಅಲ್ಲಿ ಮಾತು ಬ್ಯಾರೆ.”

ಸೋಯಾ ಚೀನಾ ಕಡೆಯ ಬೆಳೆ. ಅದರ ಜೊತೆಗಾರ ಬ್ರಾಡಿರೈಜೋಬಿಯಂ ಜಪೋನಿಕಮ್ ನಮ್ಮ ಮಣ್ಣಿನಲ್ಲಿ ಮೊದಲಿನಿಂದ ಇದ್ದದ್ದಲ್ಲ. ಬೀದರ್, ಕಲಬುರಗಿಯ ಹೊಲಗಳಲ್ಲಿ ಸೋಯಾ ಮೊದಲ ಸಲ ಬಿತ್ತಿದವರು ಅದನ್ನು ಬೀಜದ ಜೊತೆ ತರಲೇಬೇಕಿತ್ತು. ತರದಿದ್ದರೆ ಗಿಡ ಹಳದಿಯಾಗಿ ನಿಲ್ಲುತ್ತದೆ, ಬೇರಿನಲ್ಲಿ ಗಂಟು ಕಾಣುವುದೇ ಅಪರೂಪ. ಹೊಸ ಬೆಳೆಯನ್ನು ಹೊಸ ನೆಲಕ್ಕೆ ಒಯ್ದ ಎಲ್ಲ ಕಡೆಯ ಅನುಭವವೂ ಇದೇ. ರೈಜೋಬಿಯಂ ಪುಡಿ ಇನ್ನೂ ಬಂದಿರದ ಕಾಲದಲ್ಲಿ ಯುರೋಪಿನ, ಅಮೆರಿಕದ ರೈತರು ಗಂಟು ಚೆನ್ನಾಗಿ ಬಿದ್ದ ಹಳೆಯ ಹೊಲದ ಮಣ್ಣನ್ನೇ ಗಾಡಿಗೆ ತುಂಬಿ ಹೊಸ ಹೊಲಕ್ಕೆ ಎರಚುತ್ತಿದ್ದರು.

“ಮಣ್ಣು ಹೊತ್ತೊಯ್ದು ಹಾಕೂದಾ? ಅದು ನಮಗೂ ತಿಳೀತದ ನೋಡು.”

“ಅದ್ರ ಕಾರಣ ತಿಳಿದದ್ದು ಆಮ್ಯಾಲ. 1886ರಾಗ ಜರ್ಮನಿಯ ಹೆಲ್‌ರೀಗಲ್ ಅನ್ನೋರು ಬಟಾಣಿ ಗಿಡದ ಮ್ಯಾಲ ಪ್ರಯೋಗ ಮಾಡಿ ತೋರಿಸಿದ್ರು. ಕಾಸಿ ಶುದ್ಧ ಮಾಡಿದ ಉಸುಕಿನಾಗ ಬಟಾಣಿ ಸೊರಗಿತು. ಅದಕ್ಕೇ ಹೊಲದ ಮಣ್ಣು ಕದಡಿದ ನೀರು ಒಂದಿಷ್ಟು ಹನಿಸಿದ್ರ ಗಂಟು ಬಿತ್ತು, ಗಿಡ ಎದ್ದು ನಿಂತಿತು. ಎರಡು ವರ್ಷದಾಗ ಹಾಲೆಂಡಿನ ಬೈಯೆರಿಂಕ್ ಆ ಬ್ಯಾಕ್ಟೀರಿಯಾನೇ ಗಂಟಿನಿಂದ ಬ್ಯಾರೆ ಮಾಡಿ ಬೆಳಸಿದ್ರು. 1896ಕ್ಕ ಅದು ಮಾರಾಟಕ್ಕೂ ಬಂತು.”

ನೂರಕ್ಕೂ ಹೆಚ್ಚು ವರ್ಷಗಳ ಈ ವಿದ್ಯೆಯನ್ನು ಒಂದು ಇಡೀ ದೇಶದ ಬೇಸಾಯಕ್ಕೆ ಇಳಿಸಿದ್ದು ಬ್ರೆಜಿಲ್. ಅಲ್ಲಿ ಈಗ 4 ಕೋಟಿ ಹೆಕ್ಟೇರಿಗೂ ಹೆಚ್ಚು ಸೋಯಾ ಇದೆ. ಅದಕ್ಕೆ ಸಾರಜನಕ ಗೊಬ್ಬರ ಹಾಕುವುದಿಲ್ಲವೆಂದೇ ಹೇಳಬೇಕು. ಯೂರಿಯಾ ಬೇಡುವ ತಳಿಗಳ ಹಿಂದೆ ಹೋಗದೆ, ಬ್ಯಾಕ್ಟೀರಿಯಾದೊಡನೆ ಹೊಂದಿಕೊಳ್ಳುವ ತಳಿಗಳನ್ನೇ ಆರಿಸಬೇಕೆಂದು ಜೊಹಾನ್ನಾ ಡೊಬೆರೈನರ್ ಎಂಬ ವಿಜ್ಞಾನಿ ಹಟ ಹಿಡಿದು ವಾದಿಸಿದರು. ಅದೇ ಹಾದಿಯಲ್ಲಿ ದಶಕಗಟ್ಟಲೆ ದುಡಿದ ಎಂಬ್ರಾಪಾ ಸಂಸ್ಥೆಯ ಮರಿಯಾಂಜೆಲಾ ಹಂಗ್ರಿಯಾ ಅವರಿಗೆ 2025ರ ವಿಶ್ವ ಆಹಾರ ಪ್ರಶಸ್ತಿ ಬಂತು. ಮಾವಿಯ ಫಲಿತಾಂಶಕ್ಕೆ ಎದುರು ನಿಲ್ಲುವ ಒಂದು ಸಂಗತಿಯೂ ಅಲ್ಲಿದೆ. ಬ್ಯಾಕ್ಟೀರಿಯಾ ಈಗಾಗಲೇ ನೆಲೆಸಿದ ಹೊಲಗಳಲ್ಲೂ ಪ್ರತಿ ವರ್ಷ ಹೊಸದಾಗಿ ಹಚ್ಚಿದರೆ ಸರಾಸರಿ ಶೇ 8ರಷ್ಟು ಇಳುವರಿ ಹೆಚ್ಚುತ್ತದೆ ಎಂದು ಅವರ ತಂಡ ತೋರಿಸಿತು. ಆರಿಸಿ ತೆಗೆದ ಚುರುಕು ತಳಿ, ಜೀವಂತವಾಗಿ ರೈತನ ಕೈ ಸೇರುವ ಸರಕು, ಇವೆರಡೂ ಇದ್ದಾಗ ಮಾತ್ರ ಬರುವ ಫಲ ಅದು.

“ಜೀವಂತ ಅಂದಿ ನೋಡು, ಅಲ್ಲೇ ನನಗ ಸಂಶಯ. ಪ್ಯಾಟಿ ಅಂಗಡ್ಯಾಗ ತಗಡಿನ ಕೆಳಗ, ಔಷಧದ ಡಬ್ಬಿ ಬಾಜೂಕ ಇಟ್ಟಿರ್ತಾರ. ಮೇ ತಿಂಗಳ ಬಿಸಲಿಗೆ ಮನಷ್ಯಾರೇ ತಡಿಯಂಗಿಲ್ಲ.”

“ಸರಿ ಹಿಡಿದ್ರಿ. ರಸಗೊಬ್ಬರ ನಿಯಂತ್ರಣ ಆದೇಶದಾಗ 2006ರಿಂದ ಇದಕ್ಕೂ ಕಟ್ಟಳೆ ಬಂದದ. ಒಂದು ಗ್ರಾಂ ಪುಡಿಯಾಗ ಕಮ್ಮಿ ಅಂದ್ರೂ 5 ಕೋಟಿ ಜೀವಂತ ಕೋಶ ಇರಬೇಕು. 200 ಗ್ರಾಂ ಪಾಕೀಟಿಗೆ 1000 ಕೋಟಿ ಆಯ್ತು. ಎಕರೆಗೆ 5 ಕೆಜಿ ತೊಗರಿ ಬೀಜ ಅಂದ್ರ ಸುಮಾರು 50 ಸಾವಿರ ಕಾಳು. ಒಂದು ಕಾಳಿಗೆ 2 ಲಕ್ಷ ಕೋಶ ಬರ್ತಾವ.”

“ಅಷ್ಟು ಸಾಕಲ್ಲ?”

“ಪಾಕೀಟು ಕಟ್ಟಿದ ದಿನದ ಲೆಕ್ಕ ಇದು. ತಗಡಿನ ಕೆಳಗ ಒಂದು ತಿಂಗಳು ಬೆಂದ ಮ್ಯಾಲ ಎಷ್ಟು ಉಳೀತಾವ ಅನ್ನೂದು ಕಣ್ಣಿಗೆ ಕಾಣಂಗಿಲ್ಲ. ಸತ್ತ ಪುಡೀನೂ ಕರೀದೇ, ಬದುಕಿದ ಪುಡೀನೂ ಕರೀದೇ. ತಯಾರಾದ ದಿನಾಂಕ ನೋಡ್ರಿ, ಅವಧಿ ಮುಗಿಯೋ ದಿನಾಂಕ ನೋಡ್ರಿ, ಯಾವ ಬೆಳಿಗೆ ಅಂತ ಬರದದ್ದು ನೋಡ್ರಿ. ತಂದ ಮ್ಯಾಲ ನೀರಿನ ಹರವಿ ಹತ್ರ ತಂಪಿನಾಗ ಇಡ್ರಿ.”

ಬೀಜಕ್ಕೆ ಹಚ್ಚುವ ಬಗೆಯಲ್ಲೂ ಕೆಡುವುದು ಸುಲಭ. ನೆಟೆ ರೋಗದ ಹೆದರಿಕೆಯಿಂದ ತೊಗರಿ ಬೀಜಕ್ಕೆ ಶಿಲೀಂಧ್ರನಾಶಕ ಹಚ್ಚಿ ಬಿತ್ತುವವರು ಈ ಭಾಗದಲ್ಲಿದ್ದಾರೆ. ಆ ಹೆದರಿಕೆಗೆ ಕಾರಣ ಇದ್ದೇ ಇದೆ. 2022ರ ಹಂಗಾಮಿನಲ್ಲಿ ಕಲಬುರಗಿಯ ತೊಗರಿ ನೆಟೆಗೆ ಒಣಗಿ ನಿಂತದ್ದನ್ನು ಯಾರೂ ಮರೆತಿಲ್ಲ. ಆದರೆ ಔಷಧ, ರೈಜೋಬಿಯಂ ಎರಡನ್ನೂ ಒಂದೇ ಬಕೆಟ್ಟಿಗೆ ಸುರಿದು ಕಲಸಿದರೆ ಬ್ಯಾಕ್ಟೀರಿಯಾ ಅಲ್ಲೇ ಸಾಯುತ್ತದೆ. ಶಿಲೀಂಧ್ರನಾಶಕ ಮೊದಲು, ಕೀಟನಾಶಕ ಹಚ್ಚುವುದಿದ್ದರೆ ಆಮೇಲೆ, ರೈಜೋಬಿಯಂ ಕಟ್ಟಕಡೆಗೆ, ಬಿತ್ತುವ ಹೊತ್ತು ಹತ್ತಿರ ಬಂದಾಗ. ಬೆಲ್ಲ ಕುದಿಸಿ ಆರಿಸಿದ ಪಾಕದಲ್ಲಿ ಪುಡಿ ಕಲಸಿ, ಕಾಳಿನ ಸಿಪ್ಪೆ ಸುಲಿಯದಂತೆ ಹಗುರ ಕೈಯಲ್ಲಿ ಹೊರಳಿಸಿ, ನೆರಳಲ್ಲಿ ಆರಹಾಕಿ, ಅದೇ ದಿನ ಬಿತ್ತಬೇಕು. ಪಾಕ ಬಿಸಿ ಇದ್ದಾಗಲೇ ಪುಡಿ ಹಾಕಿದರೆ ಕೆಲಸ ಕೆಟ್ಟಿತು.

“ನಾ ಅಂಗಳದಾಗ ಬಿಸಲಿಗೇ ಹರವೀನಿ ಆಗ. ಬೇಗ ಆರಲಿ ಅಂತ.”

“ಬಿಸಲು ಅವಕ್ಕ ಆಗಂಗಿಲ್ಲ. ಇನ್ನೊಂದು ಕೇಳ್ತೀನಿ ಮಾಮಾ. ಆಜೂಬಾಜೂದವರು ತೊಗರಿಗೆ ಯೂರಿಯಾ ಹಾಕ್ತಾರೇನು?”

“ಹಾಕ್ತಾರ. 45 ಕೆಜಿ ಚೀಲಕ್ಕ 266 ರೂಪಾಯಿ ಚಿಲ್ಲರೆ. ಹಾಕಿದ ವಾರಕ್ಕ ಗಿಡ ಕರ್ರಗ ಹಸರಾಗ್ತದ. ಕಣ್ಣಿಗೆ ಕಾಣ್ತದಲ್ಲ.”

“ಆ ಗಿಡದ ಬೇರು ಅಗದು ನೋಡ್ರಿ. ಗಂಟು ಕಮ್ಮಿ ಇರ್ತಾವ, ಇದ್ದವೂ ಸಣ್ಣ. ಮಣ್ಣಾಗ ಸಾರಜನಕ ಸಲೀಸು ಸಿಕ್ಕಾಗ ಗಿಡ ತನ್ನ ಸಕ್ಕರಿ ಬ್ಯಾಕ್ಟೀರಿಯಾಕ್ಕ ಯಾಕ ಕೊಡ್ತದ? ಹೊಸ ಗಂಟು ಕಟ್ಟೂದೇ ಬಿಡ್ತದ. ಬಿತ್ತುವಾಗ ಎಕರೆಗೆ ಒಂದು ಚೀಲ ಡಿಎಪಿ ಹಾಕ್ತೀರಲ್ಲ, ಅದ್ರಾಗ 9 ಕೆಜಿ ಸಾರಜನಕ ಅದ. ಗಂಟು ಕೆಲಸ ಶುರು ಮಾಡೋ ತನಕ, ಮೊದಲ ಮೂರು ವಾರಕ್ಕ, ಅಷ್ಟು ಸಾಕು.”

“ಉಳಿದ 23 ಕೆಜಿ ರಂಜಕ?”

“ಅದು ಬೇಕೇ ಬೇಕು. ಗಾಳಿಯ ಸಾರಜನಕ ಮುರಿಯೋ ಕೆಲಸಕ್ಕ ಭಾಳ ಶಕ್ತಿ ಬೇಕು ಅಂದ್ನಲ್ಲ, ಆ ಶಕ್ತಿ ಸಾಗಿಸಾಕ ರಂಜಕ ಬೇಕು. ನಮ್ಮ ಎರಿಮಣ್ಣಾಗ ಹಾಕಿದ ರಂಜಕಾನೂ ಸುಣ್ಣದ ಜೋಡಿ ಕಟ್ಟಿಕೊಂಡು ಬೇರಿಗೆ ಸಿಗದಂಗ ಆಗ್ತದ. ಅದಕ್ಕೇ ಪಿಎಸ್‌ಬಿ ಅನ್ನೋ ಇನ್ನೊಂದು ಪಾಕೀಟು ಜೋಡಿ ಹಚ್ಚಾಕ ಹೇಳ್ತಾರ. ರಂಜಕ ಕರಗಿಸೋ ಬ್ಯಾಕ್ಟೀರಿಯಾ ಅದು. ಮತ್ತ ನೀರು ನಿಂತ್ರ ಯಾವ ಪಾಕೀಟೂ ಉಪಯೋಗಿಲ್ಲ. ಗಂಟಿಗೆ ಗಾಳಿ ಬೇಕು. ಆ ತಗ್ಗಿನಾಗ ತೊಗರಿ ಹಳದಿ ಆಗೇದಲ್ಲ, ಅಲ್ಲಿ ಬೇಕಾದ್ದು ಬಸಿಗಾಲುವೆ.”

ಮಾವ ತಗ್ಗಿನ ಕಡೆ ನೋಡಿದರು. ಮಳೆ ಬಿಟ್ಟು ದಿನಗಳಾಗಿದ್ದರೂ ಸಾಲುಗಳ ನಡುವೆ ಹಸಿ ಆರಿರಲಿಲ್ಲ.

“ಹಿರ್ಯಾರು ತೊಗರಿ ಬೆಳದ ಹೊಲಕ್ಕ ಮುಂದಿನ ವರ್ಷ ಜ್ವಾಳ ಹಾಕ್ತಿದ್ರು. ಜ್ವಾಳ ಚಲೋ ಬರ್ತಿತ್ತು. ಅದಕ್ಕೂ ಇದೇ ಕಾರಣ ಏನು?”

“ಪೂರಾ ಇದೇ ಅಲ್ಲ, ಆದ್ರ ದೊಡ್ಡ ಪಾಲು ಇದೇ. ತೊಗರಿ ಎಲಿ ಉದುರಿ ಹೊಲದಾಗೇ ಬೀಳ್ತದ, ಬೇರು ಅಲ್ಲೇ ಕೊಳೀತದ. ಇಕ್ರಿಸ್ಯಾಟ್ ಹೊಲದಾಗ ತೊಗರಿ ನಂತರ ಗೋವಿನಜೋಳ ಬೆಳೆದು ಅಳತಿ ಮಾಡಿದ್ರು. ಹೆಕ್ಟೇರಿಗೆ 40 ಕೆಜಿ ಸಾರಜನಕ ಹಾಕಿದಷ್ಟು ಲಾಭ ಸಿಕ್ತು. ಆದ್ರ ಸೋಯಾದಾಗ ಅಷ್ಟು ಉಳಿತದ ಅಂತ ನಂಬಬ್ಯಾಡ್ರಿ. ಅದು ಗಳಿಸಿದ್ದರಾಗ ಹೆಚ್ಚಿನ ಪಾಲು ಕಾಳಿನ ಜೋಡಿ ಮಾರ್ಕೆಟ್ಟಿಗೇ ಹೋಗ್ತದ.”

ದ್ವಿದಳ ಬೆಳೆದರೆ ಮಣ್ಣು ತಾನಾಗೇ ಫಲವತ್ತಾಗುತ್ತದೆ ಎಂಬ ಮಾತು ಭಾಷಣಗಳಲ್ಲಿ ಬಹಳ ಕೇಳಿಬರುತ್ತದೆ. ಅದಕ್ಕೆ ಈ ತಿದ್ದುಪಡಿ ಬೇಕೇ ಬೇಕು. ಗಂಟು ಎಷ್ಟು ದುಡಿಯಿತು, ಕಾಳು ಎಷ್ಟು ಹೊತ್ತೊಯ್ಯಿತು, ಎಲೆ ಎಷ್ಟು ಉದುರಿತು, ಹೊಟ್ಟು ಹೊಲಕ್ಕೆ ಮರಳಿತೋ ದನದ ಕೊಟ್ಟಿಗೆಗೆ ಹೋಯಿತೋ, ಇವಿಷ್ಟರ ಮೇಲೆ ಲೆಕ್ಕ ನಿಂತಿದೆ.

“ಈಗ ಕಡ್ಲಿ ಮಾತು ಹೇಳು. ಅಕ್ಟೋಬರದಾಗ ಆ ಮ್ಯಾಲಿನ ಹೊಲಕ್ಕ ಕಡ್ಲಿ ಹಾಕಬೇಕು. ತೊಗರಿ ಪಾಕೀಟು ಒಂದು ಉಳಿದದ, ಅದನ್ನೇ ಹಚ್ಚಲೇನು?”

“ಉಪಯೋಗಿಲ್ಲ ಮಾಮಾ. ಕಡ್ಲಿಗೆ ಹೊಂದೋದು ಮೀಸೋರೈಜೋಬಿಯಂ, ಅದು ಬ್ಯಾರೇನೇ. ತೊಗರೀದು ಕಡ್ಲಿ ಬೇರಿನಾಗ ಹೋಗಂಗೇ ಇಲ್ಲ. ಬೇರು ಸೂಸೋ ರಾಸಾಯನಿಕ ಗುರುತು ಹಿಡಿದು ಬ್ಯಾಕ್ಟೀರಿಯಾ ತನ್ನ ಗುರುತು ತೋರಸ್ತದ. ಎರಡೂ ತಾಳಿ ಬಿದ್ರ ಮಾತ್ರ ಬೇರಿನ ರೋಮ ಸುರುಳಿ ಸುತ್ತಿ ಒಳಗ ಬಿಟ್ಟುಕೊಳ್ತದ.”

“ಆ ಹೊಲದಾಗ ಕಡ್ಲಿ ಬೆಳೆದು ಭಾಳ ವರ್ಷ ಆಯ್ತು.”

“ಹಂಗಿದ್ರ ಫರಕು ಕಾಣೋ ಸಾಧ್ಯತೆ ಅಲ್ಲೇ ಹೆಚ್ಚು. ಸಿಂಧನೂರು, ಗಂಗಾವತಿ ಕಡೆ ಭತ್ತದ ಗದ್ದ್ಯಾಗ ಕಡ್ಲಿ ಹಾಕೋರಿಗೂ ಇದೇ ಮಾತು. ತಿಂಗಳುಗಟ್ಟಲೆ ನೀರು ನಿಂತ ಮಣ್ಣಾಗ ಕಡ್ಲಿ ಬ್ಯಾಕ್ಟೀರಿಯಾ ಭಾಳ ಕಮ್ಮಿ ಆಗಿರ್ತಾವ. ಕಡ್ಲಿ ಅಂತ ಬರೆದ ಪಾಕೀಟೇ ತರ್ರಿ. ಆದ್ರ ಇಡೀ ಹೊಲಕ್ಕ ಹಚ್ಚಬ್ಯಾಡ್ರಿ, ಒಂದು ಪಟ್ಟಿ ಹಂಗೇ ಬಿಡ್ರಿ. ಆಗ ನಿಮ್ಮ ಪ್ರಶ್ನೆಗೆ ನಿಮ್ಮ ಹೊಲಾನೇ ಉತ್ತರ ಕೊಡ್ತದ.”

“ಬದುವಿನ ಬಾಜೂದ ಸಾಲು ಬಿಡ್ತೀನಿ ತಗೋ.”

“ಬದುವಿನ ಹತ್ರ ಬ್ಯಾಡ. ಅಲ್ಲಿ ನೆರಳು, ಹಸಿ, ಹುಲ್ಲು ಎಲ್ಲಾ ಬ್ಯಾರೆ. ನಡುಹೊಲದಾಗ, ಒಂದೇ ತರದ ಮಣ್ಣು ಇದ್ದಲ್ಲಿ ಎರಡೂ ಪಟ್ಟಿ ಇರಲಿ. ಗೊಬ್ಬರ ಎರಡಕ್ಕೂ ಒಂದೇ ಹಾಕ್ರಿ. ಹೂವು ಬಿಡೋ ಮುಂಚೆ ಎರಡೂ ಕಡೆ ಐದಾರು ಗಿಡ ಅಗದು ಗಂಟು ಸೀಳಿ ನೋಡ್ರಿ, ರಾಶಿ ಮಾಡುವಾಗ ಎರಡೂ ಬ್ಯಾರೆ ಬ್ಯಾರೆ ತೂಗ್ರಿ.”

“ಇಷ್ಟೇ ಅಲ್ಲ?”

“ಇನ್ನೊಂದು ಅದ. ಹಚ್ಚದ ಬೀಜ ಮೊದಲು ಬಿತ್ತಿ ಮುಗಸ್ರಿ, ಹಚ್ಚಿದ್ದು ಆಮ್ಯಾಲ. ಹಿಂದು ಮುಂದಾದ್ರ ಕೂರಿಗಿ ಬಟ್ಟಲಾಗ ಉಳಿದ ಪುಡಿ ಆ ಬೀಜಕ್ಕೂ ತಾಗಿ, ಎರಡು ಪಟ್ಟೀನೂ ಒಂದೇ ಆಗ್ತಾವ.”